ಆನ್‌ಲೈನ್ ಕಲಿಕೆ ಮತ್ತು ಉದ್ಯೋಗಸ್ಥಳದ ತರಬೇತಿ

ಆನ್‌ಲೈನ್ ಕಲಿಕೆ ಎಂದರೆ ಗಣಕಯಂತ್ರ ಅಥವಾ ಮೊಬೈಲ್‌ನಲ್ಲಿ ಅಂತರಜಾಲದ ಮೂಲಕ ನಡೆಯುವ ಬೋಧನೆ ಮತ್ತು ಅಭ್ಯಾಸ. ಉದ್ಯೋಗಸ್ಥಳದ ತರಬೇತಿ ಎಂದರೆ ಕಾರ್ಖಾನೆ, ಕಚೇರಿ, ಆಸ್ಪತ್ರೆ ಮುಂತಾದ ಕಡೆಗಳಲ್ಲಿ ಅನುಭವಿಗಳ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಲೇ ಕೆಲಸವನ್ನು ಕಲಿಯುವ ಪದ್ಧತಿ. ಒಂದು ಪರದೆಯ ಮೇಲೆ, ಇನ್ನೊಂದು ಎದುರುಬದುರಾಗಿ ನಡೆಯುವುದರಿಂದ ಇವೆರಡರ ಅಂತರವನ್ನು ಸಾಮಾನ್ಯವಾಗಿ ಮಾಧ್ಯಮದ ಅಂತರವೆಂದು ಭಾವಿಸಲಾಗುತ್ತದೆ. ಆದರೆ ಕಲಿಯುವವರ ತಪ್ಪನ್ನು ಯಾರು ತಿದ್ದುತ್ತಾರೆ, ಕಲಿಕೆಯ ವೇಗವನ್ನು ಯಾರು ನಿರ್ಧರಿಸುತ್ತಾರೆ, ಕೊನೆಯಲ್ಲಿ ಏನನ್ನು ಅಳೆಯಲಾಗುತ್ತದೆ ಎಂಬ ಮೂರು ಅಂಶಗಳಲ್ಲಿ ಇವುಗಳ ನಿಜವಾದ ವ್ಯತ್ಯಾಸ ಕಂಡುಬರುತ್ತದೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊಸ ಕಾರ್ಮಿಕರನ್ನು ಬೇಗನೆ ಸಿದ್ಧಪಡಿಸಲು ಅಮೆರಿಕ ಸರ್ಕಾರವು 1940ರಿಂದ 1945ರವರೆಗೆ 'ಟ್ರೈನಿಂಗ್ ವಿದಿನ್ ಇಂಡಸ್ಟ್ರಿ' ಎಂಬ ಕಾರ್ಯಕ್ರಮವನ್ನು ನಡೆಸಿತು. ಕಲಿಯುವವರನ್ನು ಸಿದ್ಧಗೊಳಿಸುವುದು, ಕೆಲಸವನ್ನು ಮಾಡಿ ತೋರಿಸುವುದು, ಅವರಿಂದಲೇ ಮಾಡಿಸುವುದು, ಅನಂತರವೂ ಗಮನಿಸುತ್ತಿರುವುದು ಎಂಬ ನಾಲ್ಕು ಹಂತಗಳನ್ನು ಅದು ರೂಢಿಗೆ ತಂದಿತು. ಭಾರತದಲ್ಲಿ ಇಂತಹ ತರಬೇತಿಗೆ 1961ರ ಅಪ್ರೆಂಟಿಸ್ ಕಾಯಿದೆಯು ಕಾನೂನಿನ ಚೌಕಟ್ಟನ್ನು ಒದಗಿಸಿತು.

ಗಣಕಯಂತ್ರದ ಮೂಲಕ ಬೋಧಿಸುವ ಪ್ರಯತ್ನಗಳಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಆರಂಭವಾದ 'ಪ್ಲೇಟೋ' ವ್ಯವಸ್ಥೆಯು ಮೊದಲಿನವುಗಳಲ್ಲಿ ಒಂದು. ಭಾರತದಲ್ಲಿ ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಎನ್‌ಪಿಟಿಇಎಲ್ ಯೋಜನೆಯನ್ನು ಆರಂಭಿಸಿದವು. ಕೇಂದ್ರ ಸರ್ಕಾರದ 'ಸ್ವಯಂ' ಜಾಲತಾಣವು 2017ರಲ್ಲಿ ಉದ್ಘಾಟನೆಗೊಂಡಿತು.

ಮಾಧ್ಯಮದ ಪಾತ್ರ

ಮಾಧ್ಯಮವು ಬೋಧನೆಯನ್ನು ಹೊತ್ತು ತರುವ ವಾಹನವೇ ಹೊರತು ಅದರಿಂದಲೇ ಕಲಿಕೆ ಹೆಚ್ಚುವುದಿಲ್ಲ ಎಂದು ಅಮೆರಿಕದ ಶಿಕ್ಷಣತಜ್ಞ ರಿಚರ್ಡ್ ಕ್ಲಾರ್ಕ್ 1983ರಲ್ಲಿ ವಾದಿಸಿದರು. ಅಮೆರಿಕದ ಶಿಕ್ಷಣ ಇಲಾಖೆಯು ಪ್ರಕಟಿಸಿದ 2010ರ ಸಮೀಕ್ಷಾ ವರದಿಯಲ್ಲಿ, ಆನ್‌ಲೈನ್ ಮತ್ತು ಮುಖಾಮುಖಿ ಬೋಧನೆ ಎರಡನ್ನೂ ಪಡೆದವರ ಫಲಿತಾಂಶ ಕೇವಲ ಮುಖಾಮುಖಿ ಬೋಧನೆ ಪಡೆದವರಿಗಿಂತ ಉತ್ತಮವಾಗಿತ್ತು. ಆದರೆ ಅವರಿಗೆ ಹಲವೆಡೆ ಹೆಚ್ಚಿನ ಸಮಯ ಮತ್ತು ಪಾಠಸಾಮಗ್ರಿ ದೊರೆತಿದ್ದವು. ಆದ್ದರಿಂದ ಈ ಫಲವನ್ನು ಮಾಧ್ಯಮವೊಂದಕ್ಕೇ ಆರೋಪಿಸಲಾಗದು ಎಂದು ವರದಿಯೇ ಎಚ್ಚರಿಸಿತು.

ಪ್ರಮುಖ ವ್ಯತ್ಯಾಸಗಳು

ತಪ್ಪಿನ ತಿದ್ದುವಿಕೆ: ಲೇತ್ ಯಂತ್ರದ ಮುಂದೆ ನಿಂತ ಅಪ್ರೆಂಟಿಸ್ ಅಳತೆ ತಪ್ಪಿದರೆ ಲೋಹದ ತುಂಡು ವ್ಯರ್ಥವಾಗುತ್ತದೆ. ಯಂತ್ರದ ಸದ್ದು ಬದಲಾದಾಗಲೇ ಪಕ್ಕದಲ್ಲಿರುವ ಅನುಭವಿಯು ಎಚ್ಚರಿಸುತ್ತಾರೆ. ಇಂತಹ ಸೂಕ್ಷ್ಮಗಳಲ್ಲಿ ಹಲವು ಯಾವ ಪಠ್ಯದಲ್ಲಿಯೂ ಬರೆದಿರುವುದಿಲ್ಲ. ಆನ್‌ಲೈನ್ ಪಾಠವು ಮೊದಲೇ ಊಹಿಸಿ ಅಳವಡಿಸಿದ ತಪ್ಪುಗಳನ್ನು ತಕ್ಷಣ ತೋರಿಸಬಲ್ಲದು. ಊಹಿಸದ ತಪ್ಪುಗಳು ಅದರ ಗಮನಕ್ಕೆ ಬರುವುದಿಲ್ಲ. ಆದರೆ ಅಲ್ಲಿ ತಪ್ಪಿನಿಂದ ಅಪಾಯವಾಗಲಿ ನಷ್ಟವಾಗಲಿ ಉಂಟಾಗದ ಕಾರಣ, ಎಷ್ಟು ಬಾರಿ ಬೇಕಾದರೂ ಪ್ರಯತ್ನಿಸಲು ಅವಕಾಶವಿದೆ.

ವೇಗ ಮತ್ತು ಸಮಯ: ಉದ್ಯೋಗಸ್ಥಳದಲ್ಲಿ ಕಲಿಕೆಯು ಉತ್ಪಾದನೆಯ ವೇಗಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ಆ ದಿನ ಯಾವ ಕೆಲಸ ಬಂದಿದೆಯೋ ಅದನ್ನೇ ಕಲಿಯಬೇಕಾಗುತ್ತದೆ. ಮುದ್ರಿತ ಆನ್‌ಲೈನ್ ಪಾಠವನ್ನು ನಿಲ್ಲಿಸಬಹುದು, ಮತ್ತೆ ಕೇಳಬಹುದು. ಈ ಸ್ವಾತಂತ್ರ್ಯದ ಜೊತೆಗೆ ಸಮಯವನ್ನು ಹೊಂದಿಸಿಕೊಳ್ಳುವ ಹೊಣೆಯೂ ಕಲಿಯುವವರದ್ದಾಗುತ್ತದೆ. ಕೆಲಸದ ಅವಧಿಯಲ್ಲಿ ಬಿಡುವು ಕೊಡದೆ ಪಾಠಗಳನ್ನು ಕಡ್ಡಾಯಗೊಳಿಸಿದರೆ, ತರಬೇತಿಯ ಸಮಯವು ಸಂಸ್ಥೆಯ ಲೆಕ್ಕದಿಂದ ನೌಕರರ ಮನೆಯ ಸಮಯಕ್ಕೆ ವರ್ಗವಾಗುತ್ತದೆ.

ಮೌಲ್ಯಮಾಪನ: ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಲೇಖನಮಾಲೆಯೊಂದನ್ನು ಆರಂಭಿಸಿ, ತರಬೇತಿಯನ್ನು ನಾಲ್ಕು ಹಂತಗಳಲ್ಲಿ ಅಳೆಯುವ ಮಾದರಿಯನ್ನು ಮುಂದಿಟ್ಟರು. ಅವು ಕಲಿತವರ ಪ್ರತಿಕ್ರಿಯೆ, ಕಲಿತ ವಿಷಯ, ಕೆಲಸದಲ್ಲಿ ಕಾಣುವ ವರ್ತನೆ ಮತ್ತು ಸಂಸ್ಥೆಗೆ ದೊರೆತ ಫಲಿತಾಂಶ. ಆನ್‌ಲೈನ್ ವ್ಯವಸ್ಥೆಗಳು ಮೊದಲ ಎರಡನ್ನು ಸುಲಭವಾಗಿ ದಾಖಲಿಸುತ್ತವೆ. ಮೂರನೆಯದನ್ನು ಅರಿಯಲು ಸಾಮಾನ್ಯವಾಗಿ ಕೆಲಸವನ್ನೇ ಗಮನಿಸಬೇಕಾಗುತ್ತದೆ. ವಿದ್ಯುತ್ ಸುರಕ್ಷತೆಯ ಪ್ರಶ್ನಾವಳಿಯಲ್ಲಿ ಪೂರ್ಣ ಅಂಕ ಪಡೆದವರು ದುರಸ್ತಿಗೆ ಮುನ್ನ ಸಂಪರ್ಕವನ್ನು ಕಡಿತಗೊಳಿಸುತ್ತಾರೆಯೇ ಎಂಬುದು ಪ್ರಮಾಣಪತ್ರದಿಂದ ತಿಳಿಯುವುದಿಲ್ಲ.

ಮಿತಿಗಳು

ಉದ್ಯೋಗಸ್ಥಳದಲ್ಲಿ ಇದ್ದ ಮಾತ್ರಕ್ಕೆ ಕಲಿಕೆ ಆಗುತ್ತದೆ ಎನ್ನಲಾಗದು. ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಹೊಸಬರು ಅನುಭವಿಗಳ ಸಮುದಾಯದ ಅಂಚಿನಲ್ಲಿದ್ದು ಸಣ್ಣ ಕೆಲಸಗಳ ಮೂಲಕ ಕ್ರಮೇಣ ಪೂರ್ಣ ಸದಸ್ಯರಾಗುವ ಬಗೆಯನ್ನು ವಿವರಿಸಿದ್ದಾರೆ. ಅದರಲ್ಲಿಯೇ ಬರುವ ಅಮೆರಿಕದ ಮಾಂಸ ಕತ್ತರಿಸುವವರ ಉದಾಹರಣೆಯಲ್ಲಿ, ಅಪ್ರೆಂಟಿಸ್‌ಗಳಿಗೆ ಹಿರಿಯರ ಕೆಲಸ ಕಣ್ಣಿಗೆ ಬೀಳದಂತೆ ಜಾಗ ಕೊಟ್ಟಿದ್ದರಿಂದ ಕಲಿಕೆಯೇ ಕುಂಠಿತಗೊಂಡಿತ್ತು. ಅಲ್ಲದೆ, ಕಲಿಸುವವರ ತಪ್ಪು ರೂಢಿಗಳೂ ಈ ಪದ್ಧತಿಯಲ್ಲಿ ಮುಂದಿನವರಿಗೆ ಸಾಗುತ್ತವೆ. ಆನ್‌ಲೈನ್ ಕಲಿಕೆಗೆ ಉತ್ತಮ ಸಂಪರ್ಕ, ಸಾಧನ ಮತ್ತು ಪಾಠದ ಭಾಷೆಯ ಪರಿಚಯ ಅಗತ್ಯ.

ಮಿಶ್ರ ಕಲಿಕೆ

ಎರಡೂ ಪದ್ಧತಿಗಳನ್ನು ಜೋಡಿಸುವುದನ್ನು ಮಿಶ್ರ ಕಲಿಕೆ ಎನ್ನುತ್ತಾರೆ. ನಿಯಮ, ಸಿದ್ಧಾಂತ ಮತ್ತು ಪರಿಭಾಷೆಗಳನ್ನು ಆನ್‌ಲೈನ್‌ನಲ್ಲಿ ಕಲಿಸಿ, ಕೈಕೆಲಸ ಹಾಗೂ ವಿವೇಚನೆಯನ್ನು ಬೇಡುವ ಭಾಗವನ್ನು ಅನುಭವಿಗಳ ಎದುರಿನಲ್ಲಿ ಮಾಡಿಸುವುದು ಇದರ ಸಾಮಾನ್ಯ ಕ್ರಮ. ಇಂತಹ ವ್ಯವಸ್ಥೆಯಲ್ಲಿ ಪಾಠವನ್ನು ಪೂರ್ಣಗೊಳಿಸಿದ ದಾಖಲೆಯು ಅಭ್ಯಾಸಕ್ಕೆ ಸಿದ್ಧರಾಗಿರುವುದನ್ನು ಸೂಚಿಸುತ್ತದೆ. ಸ್ವತಂತ್ರವಾಗಿ ಕೆಲಸ ಮಾಡುವ ಅನುಮತಿಯನ್ನು ಕೆಲಸವನ್ನು ಕಣ್ಣಾರೆ ಕಂಡವರು ನೀಡುತ್ತಾರೆ.