ತಿದ್ದಿದ ಡ್ರಾಪ್‌ಬೇರ್‌ ಅನ್ನು ನಂಬಬಹುದೇ?

ಸಂಡೂರು ತಾಲ್ಲೂಕಿನ ಬಂಡ್ರಿಯ ಅಂಗಡಿಯಲ್ಲಿ ಮಿಣುಕುವ ವೈಫೈ ರೂಟರ್ ಕೂಡ ಒಂದು ಪುಟ್ಟ ಕಂಪ್ಯೂಟರ್. ಹೊಸಪೇಟೆಯಲ್ಲಿ ಕೂತು ಅದನ್ನು ಸರಿಪಡಿಸಲು ಭದ್ರವಾದ ದಾರಿ ಬೇಕು. ಇದಕ್ಕೆ ಬಳಸುತ್ತಿದ್ದ ಹಳೆಯ ಟೆಲ್‌ನೆಟ್ ಪಾಸ್‌ವರ್ಡನ್ನು ಮುಚ್ಚುಮರೆಯಿಲ್ಲದೆ ಕಳಿಸುತ್ತಿತ್ತು. 1995ರಲ್ಲಿ ಫಿನ್ಲೆಂಡಿನಲ್ಲಿ ಹುಟ್ಟಿದ ಎಸ್‌ಎಸ್‌ಎಚ್ ಅದನ್ನು ಗೂಢಲಿಪಿಯಲ್ಲಿ ಕಳಿಸುತ್ತದೆ. ಪುಟ್ಟ ಸಾಧನಗಳಿಗಾಗಿ 2003ರಲ್ಲಿ ಮ್ಯಾಟ್ ಜಾನ್‌ಸ್ಟನ್ ಡ್ರಾಪ್‌ಬೇರ್ ಎಂಬ ಪುಟ್ಟ ಎಸ್‌ಎಸ್‌ಎಚ್ ತಂತ್ರಾಂಶ ಹೊರತಂದರು. ಬೇಡದ್ದನ್ನೆಲ್ಲ ತೆಗೆದರೆ ಅದು ಸುಮಾರು 110 ಕಿಲೋಬೈಟ್‌ಗೆ ಇಳಿಯುತ್ತದೆ. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಫರ್ಮ್‌ವೇರ್ (ಸಾಧನವನ್ನು ನಡೆಸುವ ತಂತ್ರಾಂಶ) ಹಾಕಿದ ರೂಟರ್‌ಗಳಲ್ಲಿರುವುದು ಇದೇ. ಡ್ರಾಪ್‌ಬೇರ್‌ನ ಮೂಲ ಕೋಡನ್ನು ಯಾರು ಬೇಕಾದರೂ ತಿದ್ದಬಹುದು, ಅದೇ ಇದರ ದೊಡ್ಡ ಶಕ್ತಿ.

ಹಾಗಾದರೆ ಕೆಟ್ಟವರೂ ತಿದ್ದಬಹುದಲ್ಲ? ತಿದ್ದಿದ್ದಾರೆ. ಉಕ್ರೇನಿನ ವಿದ್ಯುತ್ ಜಾಲದ ಮೇಲೆ 2015ರ ಡಿಸೆಂಬರಿನಲ್ಲಿ ದಾಳಿ ನಡೆಯಿತು. ದಾಳಿ ಮಾಡಿದ ಗುಂಪಿನ ಜಾಡು ಹಿಡಿದ ಇಸೆಟ್ ಎಂಬ ಸೈಬರ್ ಭದ್ರತಾ ಸಂಸ್ಥೆಗೆ, ಗುಪ್ತ ಪಾಸ್‌ವರ್ಡನ್ನು ಒಳಗೇ ಹುದುಗಿಸಿದ ಡ್ರಾಪ್‌ಬೇರ್ ಸಿಕ್ಕಿತು. ಆದರೆ ಇದಕ್ಕೆ ಕೋಡ್ ಮುಚ್ಚಿಡುವುದು ಉತ್ತರವಲ್ಲ. ಮೂಲ ಪ್ರತಿ ಎಲ್ಲರ ಮುಂದಿರುವಾಗ ಕಳ್ಳ ಪ್ರತಿಯನ್ನು ಅದರ ಜೊತೆ ಹೋಲಿಸಿ ಹಿಡಿಯಬಹುದು. ಮುಚ್ಚಿದ ಕೋಡಿನಲ್ಲಿ ಹೊರಗಿನವರಿಗೆ ಆ ಅವಕಾಶ ಕಡಿಮೆ.

ನಮ್ಮೂರಿನ ರೂಟರ್ ಯಾರಿಗೆ ಬೇಕು ಅನ್ನುವವರಿದ್ದಾರೆ. 2016ರ ಮಿರಾಯ್ ಎಂಬ ಕುತಂತ್ರಾಂಶ ಊರು ನೋಡಲಿಲ್ಲ, ಕಾರ್ಖಾನೆಯ ಪಾಸ್‌ವರ್ಡ್ ಬದಲಾಯಿಸದ ಸಾಧನಗಳನ್ನಷ್ಟೇ ಹುಡುಕಿತು. ಈ ಎರಡೂ ಅಪಾಯಗಳನ್ನು ತಪ್ಪಿಸಲು ಫರ್ಮ್‌ವೇರನ್ನು ಅಧಿಕೃತ ತಾಣದಿಂದಲೇ ಇಳಿಸಿ, ಅಲ್ಲೇ ಕೊಟ್ಟಿರುವ ಚೆಕ್‌ಸಮ್ ಜೊತೆ ತಾಳೆ ನೋಡಿ. ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ, ಕೀಲಿ ಫೈಲ್ ಬಳಸಿ. ಹೊರಗಿನ ಇಂಟರ್ನೆಟ್ಟಿಗೆ ಎಸ್‌ಎಸ್‌ಎಚ್ ಪೋರ್ಟ್ ತೆರೆದಿಡಬೇಡಿ.