ವಿಂಡೋಸ್ ಗಣಕದಲ್ಲಿ ಲಿನಕ್ಸ್ ಉಪಕರಣ: 'ಡೂಮ್' ಆಟದ ಪ್ರತಿಗಳ ಪರಿಶೀಲನೆಗೆ ಒಂದು ಮಾರ್ಗ

೧. ಸಮಸ್ಯೆಯ ಸ್ವರೂಪ

ಸಮೀಪದ ಗತಕಾಲವನ್ನು ಕುರಿತು ಬರೆಯುವ ಚರಿತ್ರಕಾರನಿಗೆ ದಫ್ತರ, ವೃತ್ತಪತ್ರಿಕೆ, ಚಲನಚಿತ್ರಗಳ ಜೊತೆಯಲ್ಲಿ ಗಣಕಯಂತ್ರದ ಆಟಗಳೂ ಈಗ ಆಕರಗಳಾಗಿ ಒದಗುತ್ತಿವೆ. ಆಕರ ಯಾವುದೇ ಆಗಲಿ, ಅದನ್ನು ಬಳಸುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ನಮ್ಮ ಕೈಯಲ್ಲಿರುವುದು ಯಾವ ಪ್ರತಿ? ಓಲೆಗರಿಯ ವಿಷಯದಲ್ಲಿ ಈ ಪ್ರಶ್ನೆಯನ್ನು ಎಂದೂ ಮರೆಯದ ನಾವು ಗಣಕದ ಫೈಲಿನ ವಿಷಯದಲ್ಲಿ ಅದನ್ನು ಸುಲಭವಾಗಿ ಮರೆಯುತ್ತೇವೆ. ಹಳೆಯ ಆಟಗಳ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಕೊಡಲು ನೆರವಾಗುವ ಒಂದು ಒಳ್ಳೆಯ ಉಪಕರಣವಿದೆ. ಆದರೆ ಅದು ಲಿನಕ್ಸ್ ವ್ಯವಸ್ಥೆಯಲ್ಲಿ ಮಾತ್ರ ನಡೆಯತಕ್ಕದ್ದು. ನಮ್ಮ ವಿದ್ಯಾರ್ಥಿಗಳ ಯಂತ್ರಗಳಾದರೋ ಬಹುಮಟ್ಟಿಗೆ ವಿಂಡೋಸ್‌ನವು. ಇವೆರಡನ್ನೂ ಕೂಡಿಸುವ ಬಗೆಯನ್ನು ವಿವರಿಸುವುದು ಈ ಲೇಖನದ ಉದ್ದೇಶ.

'ಡೂಮ್' ಎಂಬ ಆಟವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಮೆರಿಕದ ಟೆಕ್ಸಾಸಿನ ಇಡ್ ಸಾಫ್ಟ್‌ವೇರ್ ಸಂಸ್ಥೆ ಇದನ್ನು ೧೯೯೩ನೆಯ ಡಿಸೆಂಬರ್ ೧೦ರಂದು ಹೊರತಂದಿತು. ಒಂಬತ್ತು ರಂಗಗಳುಳ್ಳ ಮೊದಲ ಕಾಂಡವನ್ನು ಉಚಿತವಾಗಿ ಹಂಚಿ, ಉಳಿದ ಎರಡು ಕಾಂಡಗಳನ್ನು ಹಣ ಕೊಟ್ಟವರಿಗೆ ಕಳುಹಿಸುವುದು ಅದರ ವ್ಯಾಪಾರಕ್ರಮವಾಗಿತ್ತು. ೧೯೯೫ರಲ್ಲಿ ನಾಲ್ಕನೆಯ ಕಾಂಡವೊಂದು ಸೇರಿತು. ಆಟವನ್ನು ನಡೆಸುವ ತಂತ್ರಾಂಶ ಬೇರೆ. ರಂಗಗಳ ನಕ್ಷೆ, ಚಿತ್ರ, ಧ್ವನಿಗಳೆಲ್ಲ ಅಡಕವಾಗಿರುವ 'ವ್ಯಾಡ್' ಎಂಬ ಫೈಲು ಬೇರೆ. ಚರಿತ್ರಕಾರನಿಗೆ ಮುಖ್ಯವಾದದ್ದು ಈ ಎರಡನೆಯದು.

ಈ ಫೈಲು ಎಲ್ಲ ಆವೃತ್ತಿಗಳಲ್ಲಿಯೂ ಒಂದೇ ಆಗಿಲ್ಲ. ಮೊದಲ ಕಾಂಡದ ನಾಲ್ಕನೆಯ ರಂಗದಲ್ಲಿ ಆರಂಭದ ಆವೃತ್ತಿಗಳು ಸ್ವಸ್ತಿಕಾಕೃತಿಯ ಒಂದು ರಚನೆಯನ್ನು ಒಳಗೊಂಡಿದ್ದವು. ಇದೇ ಸಂಸ್ಥೆ ಹಿಂದೆ ನಾಟ್ಸಿಗಳ ವಸ್ತುವನ್ನು ಆರಿಸಿಕೊಂಡು ರಚಿಸಿದ್ದ 'ವುಲ್ಫೆನ್‌ಸ್ಟೈನ್ ೩ಡಿ' ಆಟದ ನೆನಪು ಅದರಲ್ಲಿತ್ತು. ಮುಂದಿನ ಆವೃತ್ತಿಗಳಲ್ಲಿ ಆ ಆಕೃತಿಯನ್ನು ಮಾರ್ಪಡಿಸಲಾಯಿತು. ೨೦೧೨ರ ಮರುಮುದ್ರಣದಲ್ಲಿ ಔಷಧದ ಪೆಟ್ಟಿಗೆಗಳ ಮೇಲಿದ್ದ ಕೆಂಪು ಶಿಲುಬೆಯ ಗುರುತು ಹೋಗಿ ಗುಳಿಗೆಯ ಚಿತ್ರ ಬಂದಿತು. ಮೂರು ಫೈಲುಗಳಿಗೂ ಹೆಸರು ಒಂದೇ, ಪಾಠ ಬೇರೆ ಬೇರೆ. ೨೦೧೨ರ ಪ್ರತಿಯನ್ನು ನೋಡಿ ೧೯೯೩ರ ಅಭಿರುಚಿಯನ್ನು ಕುರಿತು ತೀರ್ಮಾನ ಬರೆದವನ ವಾದ ಬುಡದಲ್ಲಿಯೇ ಕುಸಿಯುತ್ತದೆ.

೨. ಉಪಕರಣ

ಇಲ್ಲಿ ವಿವೇಚಿಸುವ ಉಪಕರಣದ ಹೆಸರು 'ಗೇಮ್ ಡೇಟಾ ಪ್ಯಾಕೇಜರ್'. ೧೯೯೩ರಲ್ಲಿಯೇ ಆರಂಭವಾದ ಡೆಬಿಯನ್ ಎಂಬ ಲಿನಕ್ಸ್ ಸಂಚಯದ ಕಾರ್ಯಕರ್ತರು ಇದನ್ನು ರೂಪಿಸಿದರು. ಬಳಸುವವನು ನ್ಯಾಯವಾಗಿ ಕೊಂಡಿರುವ ಆಟದ ಫೈಲುಗಳನ್ನು ತೆಗೆದುಕೊಂಡು, ಲಿನಕ್ಸ್‌ನಲ್ಲಿ ಸ್ಥಾಪಿಸಲು ಅನುಕೂಲವಾದ ಪೊಟ್ಟಣವಾಗಿ ಕಟ್ಟಿಕೊಡುವುದು ಅದರ ಕೆಲಸ. ಹಣ ಕೊಟ್ಟು ಕೊಳ್ಳಬೇಕಾದ ಆಟಗಳನ್ನು ಅದು ತಾನಾಗಿ ಒದಗಿಸುವುದಿಲ್ಲ. ಡೂಮ್‌ನ ಮೂಲಕ್ರಮವಿಧಿ ೧೯೯೭ರಲ್ಲಿ ಬಹಿರಂಗವಾಯಿತಾದರೂ ಅದರ ರಂಗಗಳು, ಚಿತ್ರಗಳು ಇಂದಿಗೂ ಹಕ್ಕುದಾರರ ಸ್ವತ್ತೇ ಎಂಬುದನ್ನು ವಾಚಕರು ನೆನಪಿಡಬೇಕು.

ನಮಗೆ ಉಪಯುಕ್ತವಾದದ್ದು ಈ ಉಪಕರಣದ ಒಳಗಿರುವ ಪಟ್ಟಿ. ಯಾವ ಆಟದ ಯಾವ ಫೈಲಿನ ಗಾತ್ರವೆಷ್ಟು, ಅದರ ಪರೀಕ್ಷಾಂಕವೇನು ಎಂಬುದನ್ನು ಅದರಲ್ಲಿ ದಾಖಲಿಸಿದ್ದಾರೆ. ಪರೀಕ್ಷಾಂಕವೆಂದರೆ ಫೈಲಿನ ಸಮಸ್ತ ವಿಷಯವನ್ನೂ ಲೆಕ್ಕಕ್ಕೆ ಹಾಕಿ ಪಡೆದ ಒಂದು ಸಂಖ್ಯೆ. ಫೈಲಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಈ ಸಂಖ್ಯೆ ಪೂರ್ತಿಯಾಗಿ ಬೇರೆಯಾಗುತ್ತದೆ. ಇಂಥ ಸಂಖ್ಯೆಯನ್ನು ವಿಂಡೋಸ್‌ನಲ್ಲಿಯೂ ಲೆಕ್ಕ ಹಾಕಬಹುದಲ್ಲವೆ ಎಂದು ಕೇಳಬಹುದು. ಲೆಕ್ಕ ಹಾಕಬಹುದು, ನಿಜ. ಆದರೆ ಹೋಲಿಸಿ ನೋಡಲು ತಿಳಿದ ಪ್ರತಿಗಳ ಪಟ್ಟಿ ಇಲ್ಲದಿದ್ದರೆ ಆ ಸಂಖ್ಯೆಯಿಂದ ಪ್ರಯೋಜನವಿಲ್ಲ. ಸೂಚೀಪತ್ರವಿಲ್ಲದ ಭಂಡಾರದಲ್ಲಿ ಕಟ್ಟಿನ ಕ್ರಮಸಂಖ್ಯೆ ಮಾತ್ರ ದೊರೆತಂತೆ ಆಗುತ್ತದೆ.

೩. ಅಡ್ಡಿ ಎಲ್ಲಿದೆ?

ವಿಂಡೋಸ್ ಮತ್ತು ಲಿನಕ್ಸ್ ಎರಡೂ ಒಂದೇ ಬಗೆಯ ಸಂಸ್ಕಾರಕದ ಮೇಲೆ ನಡೆಯಬಲ್ಲವು. ಹಾಗಿದ್ದರೂ ಒಂದರ ತಂತ್ರಾಂಶ ಇನ್ನೊಂದರಲ್ಲಿ ಏಕೆ ನಡೆಯದು? ನಮ್ಮ ಶಾಸನಗಳಲ್ಲಿ ಸಂಸ್ಕೃತ ಶ್ಲೋಕವನ್ನೂ ಕನ್ನಡ ಗದ್ಯವನ್ನೂ ಒಂದೇ ಲಿಪಿಯಲ್ಲಿ ಕೆತ್ತಿರುವುದುಂಟು. ಲಿಪಿಯನ್ನು ಬಲ್ಲ ಮಾತ್ರಕ್ಕೆ ಎರಡೂ ಅರ್ಥವಾಗುವುದಿಲ್ಲ. ಇಲ್ಲಿಯೂ ಹಾಗೆಯೇ. ಸಂಸ್ಕಾರಕದ ಆಜ್ಞೆಗಳು ಲಿಪಿಯಿದ್ದಂತೆ, ಕಾರ್ಯಾಚರಣ ವ್ಯವಸ್ಥೆ ಭಾಷೆಯಿದ್ದಂತೆ. ಫೈಲು ತೆರೆಯಬೇಕಾದರೂ ಪರದೆಯ ಮೇಲೆ ಅಕ್ಷರ ಮೂಡಿಸಬೇಕಾದರೂ ತಂತ್ರಾಂಶವು ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೆ ಬಿನ್ನಹ ಮಾಡಿಕೊಳ್ಳಬೇಕು. ಲಿನಕ್ಸ್‌ನ ಬಿನ್ನಹದ ಕ್ರಮ ವಿಂಡೋಸ್ ಕರ್ನೆಲ್‌ಗೆ ತಿಳಿಯದು. ತಂತ್ರಾಂಶದ ಫೈಲನ್ನು ಜೋಡಿಸುವ ರೀತಿ, ಅದು ಆಶ್ರಯಿಸುವ ಗ್ರಂಥಭಂಡಾರಗಳು ಇವೂ ಬೇರೆ ಬೇರೆ.

ಈ ಅಡ್ಡಿಯನ್ನು ದಾಟಲು ಮೂರು ಮಾರ್ಗಗಳು ಬೆಳೆದುಬಂದಿವೆ. ಮೊದಲನೆಯದು, ಮೂಲಕ್ರಮವಿಧಿಯನ್ನೇ ವಿಂಡೋಸ್‌ಗಾಗಿ ಮತ್ತೆ ಸಿದ್ಧಪಡಿಸುವುದು. ೧೯೯೫ರಲ್ಲಿ ಆರಂಭವಾದ 'ಸಿಗ್ವಿನ್' ಇದಕ್ಕೆ ನೆರವಾಗುತ್ತದೆ. ಆದರೆ ಸಿದ್ಧವಾದ ಲಿನಕ್ಸ್ ತಂತ್ರಾಂಶವನ್ನು ಅದು ಹಾಗೆಯೇ ನಡೆಸಲಾರದು. ಎರಡನೆಯದು, ೨೦೦೭ರಲ್ಲಿ ಬಂದ 'ವರ್ಚುಯಲ್‌ಬಾಕ್ಸ್' ಮೊದಲಾದವುಗಳ ಮೂಲಕ ಯಂತ್ರದೊಳಗೆ ಇನ್ನೊಂದು ಯಂತ್ರವನ್ನು ಕಲ್ಪಿಸಿ ಅದರಲ್ಲಿ ಲಿನಕ್ಸ್ ಅನ್ನು ಇಡಿಯಾಗಿ ನೆಲೆಗೊಳಿಸುವುದು. ಇದು ನಂಬಲು ಯೋಗ್ಯವಾದ ಮಾರ್ಗವೇ ಆದರೂ ಸ್ಮೃತಿಯನ್ನೂ ಸ್ಥಳವನ್ನೂ ಹೆಚ್ಚಾಗಿ ಬೇಡುತ್ತದೆ.

ಮೂರನೆಯದನ್ನು ಮೈಕ್ರೋಸಾಫ್ಟ್ ಸಂಸ್ಥೆಯೇ ೨೦೧೬ರಲ್ಲಿ ಒದಗಿಸಿತು. ಅದನ್ನು ಸಂಕ್ಷೇಪವಾಗಿ 'ಡಬ್ಲ್ಯು.ಎಸ್.ಎಲ್.' ಎನ್ನುತ್ತಾರೆ. ಅದರ ಮೊದಲ ರೂಪದಲ್ಲಿ ಲಿನಕ್ಸ್ ಕರ್ನೆಲ್ ಇರಲಿಲ್ಲ. ಲಿನಕ್ಸ್ ತಂತ್ರಾಂಶದ ಬಿನ್ನಹಗಳನ್ನು ಆಗಿಂದಾಗಲೇ ವಿಂಡೋಸ್‌ನ ಭಾಷೆಗೆ ಮಾರ್ಪಡಿಸುವ ದುಭಾಷಿಯೊಬ್ಬನಿದ್ದಂತೆ ಅದು ಕೆಲಸ ಮಾಡುತ್ತಿತ್ತು. ಎಲ್ಲ ಬಿನ್ನಹಗಳಿಗೂ ಸರಿಯಾದ ಅನುವಾದ ದೊರೆಯದೆ ಕೆಲವು ತಂತ್ರಾಂಶಗಳು ಕೆಲಸ ಮಾಡದಾದವು. ೨೦೧೯ರಲ್ಲಿ ಪ್ರಕಟವಾಗಿ ೨೦೨೦ರಲ್ಲಿ ಜನರ ಕೈಸೇರಿದ ಎರಡನೆಯ ರೂಪದಲ್ಲಿ ನಿಜವಾದ ಲಿನಕ್ಸ್ ಕರ್ನೆಲ್ಲೇ ಒಂದು ಹಗುರವಾದ ಕಲ್ಪಿತ ಯಂತ್ರದಲ್ಲಿ ನಡೆಯುತ್ತದೆ. ದುಭಾಷಿಯ ಬದಲು ಆ ಭಾಷೆಯವನನ್ನೇ ಮನೆಯಲ್ಲಿ ಇರಿಸಿಕೊಂಡಂತಾಯಿತು. ನಮ್ಮ ಕೆಲಸಕ್ಕೆ ಈ ಮಾರ್ಗವೇ ಸಾಕು.

೪. ಅನುಸರಿಸಬೇಕಾದ ಕ್ರಮ

ವಿಂಡೋಸ್ ೧೧ ಇರುವ ಯಂತ್ರ ಉತ್ತಮ. ವಿಂಡೋಸ್ ೧೦ಕ್ಕೆ ದೊರೆಯುತ್ತಿದ್ದ ಸಾಮಾನ್ಯ ರಕ್ಷಣೆ ೨೦೨೫ರ ಅಕ್ಟೋಬರಿನಲ್ಲಿ ಮುಗಿಯಿತು. ಯಂತ್ರದ ಮೂಲ ಹೊಂದಾಣಿಕೆಯಲ್ಲಿ 'ವರ್ಚುಯಲೈಸೇಷನ್' ಎಂಬ ಅನುಕೂಲವನ್ನು ತೆರೆದಿಟ್ಟಿರಬೇಕು. ಬಳಿಕ 'ಪವರ್‌ಶೆಲ್' ಅನ್ನು ಆಡಳಿತಾಧಿಕಾರದೊಡನೆ ತೆರೆದು, ಡಬ್ಲ್ಯು.ಎಸ್.ಎಲ್. ಎಂಬ ಮೂರು ಅಕ್ಷರಗಳನ್ನು ಬರೆದು, ಒಂದು ತೆರಪು ಬಿಟ್ಟು, ಎರಡು ಅಡ್ಡಗೆರೆಗಳೊಡನೆ 'ಇನ್‌ಸ್ಟಾಲ್' ಎಂಬುದನ್ನೂ, ಮತ್ತೆ ತೆರಪು ಬಿಟ್ಟು ಒಂದು ಅಡ್ಡಗೆರೆಯೊಡನೆ 'ಡಿ' ಅಕ್ಷರವನ್ನೂ, ಕೊನೆಗೆ 'ಡೆಬಿಯನ್' ಎಂಬ ಹೆಸರನ್ನೂ ಕೊಡಬೇಕು. ಯಂತ್ರವನ್ನು ಮತ್ತೆ ಆರಂಭಿಸಿದ ಮೇಲೆ ಲಿನಕ್ಸ್‌ಗೆಂದು ಬೇರೆಯ ಹೆಸರನ್ನೂ ಗುಪ್ತಪದವನ್ನೂ ಕೇಳುತ್ತದೆ.

ಡೆಬಿಯನ್ನಿನ ಭಂಡಾರ ಹಲವು ವಿಭಾಗಗಳಾಗಿದೆ. ನಮ್ಮ ಉಪಕರಣ ತಾನು ಮುಕ್ತವಾದುದಾದರೂ ಮುಕ್ತವಲ್ಲದ ಆಟಗಳನ್ನು ಅವಲಂಬಿಸಿರುವುದರಿಂದ ಅದನ್ನು ಮುಖ್ಯ ವಿಭಾಗದಲ್ಲಿ ಇಡದೆ 'ಕಾಂಟ್ರಿಬ್' ವಿಭಾಗದಲ್ಲಿ ಇಟ್ಟಿದ್ದಾರೆ. ಆದಕಾರಣ ಭಂಡಾರಗಳ ಪಟ್ಟಿಯಲ್ಲಿ ಈ ವಿಭಾಗದ ಹೆಸರನ್ನು ಸೇರಿಸಿ, ಪಟ್ಟಿಯನ್ನು ನವೀಕರಿಸಿ, 'ಆಪ್ಟ್' ಎಂಬ ಆಜ್ಞೆಯಿಂದ ಉಪಕರಣವನ್ನು ತರಿಸಿಕೊಳ್ಳಬೇಕು. ಈ ಹೆಜ್ಜೆಯನ್ನು ಬಿಟ್ಟರೆ ಅಂಥ ಪೊಟ್ಟಣವೇ ಇಲ್ಲವೆಂಬ ಉತ್ತರ ಬರುತ್ತದೆ.

ವಿಂಡೋಸ್‌ನ 'ಸಿ' ತಟ್ಟೆ ಲಿನಕ್ಸ್‌ನಲ್ಲಿ 'ಎಮ್‌ಎನ್‌ಟಿ' ಎಂಬ ಫೋಲ್ಡರಿನ ಕೆಳಗೆ ಕಾಣಿಸುತ್ತದೆ. ವ್ಯಾಡ್ ಫೈಲನ್ನು ಅಲ್ಲಿಂದ ಲಿನಕ್ಸ್‌ನ ಸ್ವಂತ ಫೋಲ್ಡರಿಗೆ ನಕಲು ಮಾಡಿಕೊಳ್ಳುವುದು ಲೇಸು. ಎರಡು ವ್ಯವಸ್ಥೆಗಳ ನಡುವೆ ಫೈಲನ್ನು ಓದುವುದು ನಿಧಾನ. ಲಿನಕ್ಸ್‌ನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳು ಬೇರೆ ಬೇರೆ ಹೆಸರುಗಳಾಗುತ್ತವೆ ಎಂಬುದನ್ನೂ ಮರೆಯಬಾರದು. ಅನಂತರ ಉಪಕರಣದ ಹೆಸರು, 'ಡೂಮ್' ಎಂಬ ಆಟದ ಹೆಸರು, ಫೈಲಿನ ಹಾದಿ ಇವನ್ನು ಕ್ರಮವಾಗಿ ಬರೆದರೆ ಪರಿಶೀಲನೆ ಆರಂಭವಾಗುತ್ತದೆ. ಪಟ್ಟಿಯಲ್ಲಿರುವ ಪ್ರತಿಯಾದರೆ ಪೊಟ್ಟಣ ಸಿದ್ಧವಾಗುತ್ತದೆ. ಯಾರೋ ತಿದ್ದಿದ ಪ್ರತಿಯಾದರೆ ಉಪಕರಣ ಅದನ್ನು ಮೂಲವೆಂದು ಒಪ್ಪುವುದಿಲ್ಲ. ಆವೃತ್ತಿ ಯಾವುದೆಂಬುದನ್ನು ಸ್ವತಃ ನಿಶ್ಚಯಿಸಬೇಕೆನ್ನುವವರು 'ಷಾ ೨೫೬' ಪರೀಕ್ಷಾಂಕವನ್ನು ಲೆಕ್ಕ ಹಾಕಿ, ಉಪಕರಣದ ಮೂಲಲಿಖಿತದಲ್ಲಿ ಎಲ್ಲರಿಗೂ ಬಹಿರಂಗವಾಗಿರುವ ಪಟ್ಟಿಯೊಡನೆ ಹೋಲಿಸಬಹುದು.

೫. ಈ ಮಾರ್ಗದ ಮಿತಿ

ಲಿನಕ್ಸ್‌ನ ಆಟದ ಉಪಕರಣಗಳೆಲ್ಲವನ್ನೂ ಹೀಗೆ ತರಬಹುದೆಂದು ಭಾವಿಸಬಾರದು. ಫೈಲನ್ನು ಓದಿ ಫೈಲನ್ನು ಬರೆಯುವ ಉಪಕರಣಗಳು ಸುಲಭವಾಗಿ ಬರುತ್ತವೆ. ನಡೆಯುತ್ತಿರುವ ಆಟಕ್ಕೇ ಅಂಟಿಕೊಂಡು ಕೆಲಸಮಾಡುವಂಥವು ಬಂದರೂ ಪ್ರಯೋಜನವಿಲ್ಲ. ಆಟದ ವೇಗವನ್ನು ಪರದೆಯ ಮೇಲೆ ತೋರಿಸುವ 'ಮ್ಯಾಂಗೋಹಡ್', ಆಟಕ್ಕೆ ಅನುಕೂಲವಾಗುವಂತೆ ಯಂತ್ರವನ್ನು ಹದಗೊಳಿಸುವ 'ಗೇಮ್‌ಮೋಡ್' ಇವು ಎರಡನೆಯ ಬಗೆಯವು. ಲಿನಕ್ಸ್‌ನ ಆವರಣದೊಳಗಿದ್ದು ಹೊರಗಿನ ವಿಂಡೋಸ್ ಆಟವನ್ನು ಅವು ಕಾಣಲಾರವು. ಆದುದರಿಂದ ಉಪಕರಣವನ್ನು ತರುವ ಮುನ್ನ ಅದು ಏನನ್ನು ಅವಲಂಬಿಸಿದೆ ಎಂಬುದನ್ನು ವಿಚಾರಿಸಬೇಕು.

ಪರೀಕ್ಷಾಂಕಕ್ಕೂ ಮಿತಿಯುಂಟು. ಎರಡು ಪ್ರತಿಗಳು ಒಂದೇ ಎಂದು ಅದು ತೋರಿಸುತ್ತದೆಯೇ ಹೊರತು, ಬೇರೆಯಾಗಿದ್ದರೆ ಏಕೆ ಬೇರೆಯಾದವು, ಯಾರ ಕೈಯಿಂದ, ಯಾವ ಒತ್ತಾಯದಿಂದ ಎಂಬುದನ್ನು ಹೇಳುವುದಿಲ್ಲ. ಆ ಕೆಲಸ ಚರಿತ್ರಕಾರನದೇ. ಪಟ್ಟಿಯಲ್ಲಿಲ್ಲದ ಪ್ರತಿ ಕೃತಕವೆಂದೂ ಅರ್ಥವಲ್ಲ; ಪಟ್ಟಿ ಮಾಡಿದವರಿಗೆ ದೊರೆಯದ ಅಪೂರ್ವ ಪ್ರತಿಯೇ ಅದಾಗಿರಬಹುದು.

೬. ಉಪಸಂಹಾರ

ಮೇಲಿನ ಕೆಲಸಕ್ಕೆ ಹೊಸ ಯಂತ್ರ ಬೇಕಿಲ್ಲ, ಇರುವ ವಿಂಡೋಸ್ ಅನ್ನು ಅಳಿಸಬೇಕಿಲ್ಲ, ಉಪಕರಣಕ್ಕೆ ಹಣವನ್ನೂ ಕೊಡಬೇಕಿಲ್ಲ. ಆದಕಾರಣ ಗಣಕದ ಆಟವನ್ನು ಆಕರವಾಗಿ ಬಳಸುವ ಪ್ರಬಂಧಗಳಲ್ಲಿ ಆಟದ ಹೆಸರು ಮತ್ತು ವರ್ಷಗಳ ಜೊತೆಗೆ ಆವೃತ್ತಿಯನ್ನೂ ಫೈಲಿನ ಪರೀಕ್ಷಾಂಕವನ್ನೂ ನಮೂದಿಸುವ ಪದ್ಧತಿಯನ್ನು ಆರಂಭಿಸುವುದು ಉಚಿತ. ಹಸ್ತಪ್ರತಿಯನ್ನು ಉಲ್ಲೇಖಿಸುವಾಗ ಭಂಡಾರದ ಹೆಸರನ್ನೂ ಕ್ರಮಾಂಕವನ್ನೂ ಕೊಡುವ ನಮ್ಮ ಶಿಸ್ತೇ ಇಲ್ಲಿಯೂ ಸಲ್ಲುತ್ತದೆ. ಮುಂದೆ ಬರುವ ಶೋಧಕನು ನಾವು ನೋಡಿದ ಪ್ರತಿಯನ್ನೇ ನೋಡಿ ನಮ್ಮ ಮಾತನ್ನು ಒಪ್ಪುವುದಕ್ಕಾಗಲಿ ಖಂಡಿಸುವುದಕ್ಕಾಗಲಿ ಅದರಿಂದ ಅವಕಾಶವಾಗುತ್ತದೆ.