ತಂತ್ರಾಂಶ ಬರೆಸುವ ಮುನ್ನ: ನೇಟಿವ್ ಟೂಲ್‌ಕಿಟ್ಟೋ, ಮ್ಯಾನೇಜ್ಡ್ ಚೌಕಟ್ಟೋ?

ದಾಸ್ತಾನು, ಬಿಲ್ಲು ಮತ್ತು ಲೆಕ್ಕಪತ್ರಗಳಿಗಾಗಿ ಸ್ವಂತ ತಂತ್ರಾಂಶ ಬರೆಸುವ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ದರಪಟ್ಟಿಯಲ್ಲಿ ಮೊದಲು ನೋಡುವುದು ಬೆಲೆಯನ್ನು. ತಂತ್ರಾಂಶವನ್ನು ಯಾವ ಅಡಿಪಾಯದ ಮೇಲೆ ಕಟ್ಟಲಾಗುವುದೆಂಬ ವಿವರ ಅಲ್ಲಿ ಒಂದು ಸಾಲಿನಲ್ಲಿ ಮುಗಿದಿರುತ್ತದೆ. ಆದರೆ ಮುಂದಿನ ವರ್ಷಗಳ ನಿರ್ವಹಣಾ ವೆಚ್ಚವನ್ನು ಬಹುಮಟ್ಟಿಗೆ ನಿರ್ಧರಿಸುವುದು ಆ ಒಂದು ಸಾಲೇ.

ಎರಡು ಮಾರ್ಗಗಳು

ಮೊದಲನೆಯದು ನೇಟಿವ್ ಟೂಲ್‌ಕಿಟ್‌ಗಳ ಮಾರ್ಗ. 1992ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಡಬ್ಲ್ಯುಎಕ್ಸ್‌ವಿಜೆಟ್ಸ್, 1995ರಲ್ಲಿ ನಾರ್ವೆಯಿಂದ ಹೊರಬಂದ ಕ್ಯೂಟಿ ಈ ವರ್ಗದವು. ಸಿ++ ಭಾಷೆಯಲ್ಲಿ ಬರೆದ ಒಂದೇ ಮೂಲ ಸಂಕೇತವನ್ನು ವಿಂಡೋಸ್, ಲಿನಕ್ಸ್, ಮ್ಯಾಕ್‌ಗಳಿಗೆ ಪ್ರತ್ಯೇಕವಾಗಿ ಸಂಕಲಿಸಲಾಗುತ್ತದೆ. ಸಿದ್ಧವಾದ ಕಾರ್ಯಕ್ರಮ ನೇರವಾಗಿ ಯಂತ್ರದ ಆದೇಶಗಳ ರೂಪದಲ್ಲಿರುವುದರಿಂದ ಬೇಗ ತೆರೆದುಕೊಳ್ಳುತ್ತದೆ. ಮೆಮೊರಿಯನ್ನೂ ಮಿತವಾಗಿ ಬಳಸುತ್ತದೆ. ಆದರೆ ಮೆಮೊರಿಯ ನಿರ್ವಹಣೆ ಬಹುಪಾಲು ಬರೆಯುವವನ ಹೊಣೆ. ಅಲ್ಲಿ ತಪ್ಪಿದರೆ ಕಾರ್ಯಕ್ರಮ ಹಠಾತ್ತನೆ ನಿಂತುಹೋಗಬಹುದು.

ಎರಡನೆಯದು ಜಾವಾ ಮತ್ತು 2002ರಲ್ಲಿ ಬಂದ ಡಾಟ್‌ನೆಟ್‌ನಂತಹ ಮ್ಯಾನೇಜ್ಡ್ ಚೌಕಟ್ಟುಗಳದು. ಇಲ್ಲಿ ಕಾರ್ಯಕ್ರಮವು ಮಧ್ಯವರ್ತಿ ರೂಪದಲ್ಲಿದ್ದು, ರನ್‌ಟೈಮ್ ಎಂಬ ವ್ಯವಸ್ಥೆ ಅದನ್ನು ಸಾಮಾನ್ಯವಾಗಿ ಓಡುವಾಗಲೇ ಯಂತ್ರಭಾಷೆಗೆ ತರುತ್ತದೆ. ಬಳಸಿ ಬಿಟ್ಟ ಮೆಮೊರಿಯನ್ನೂ ತಾನೇ ಹಿಂಪಡೆಯುತ್ತದೆ. ಬರವಣಿಗೆ ಬೇಗ ಮುಗಿಯುತ್ತದೆ, ಬದಲಾವಣೆ ಸುಲಭ. ಪ್ರತಿಯಾಗಿ ಹೆಚ್ಚು ಮೆಮೊರಿ ಬೇಕು.

‘ಎಲ್ಲೆಡೆ ಓಡುತ್ತದೆ’ ಎಂಬ ಮಾತು

ಈ ಭರವಸೆಯನ್ನು ಪರೀಕ್ಷಿಸದೆ ನಂಬತಕ್ಕದ್ದಲ್ಲ. ಡಾಟ್‌ನೆಟ್ 2016ರಿಂದ ಲಿನಕ್ಸ್‌ನಲ್ಲಿಯೂ ಓಡುತ್ತದೆ ಎಂಬುದು ನಿಜ. ಆದರೆ ಅದರ ಪರದೆ ರಚನೆಯ ಭಾಗಗಳಾದ ವಿನ್‌ಫಾರ್ಮ್ಸ್ ಮತ್ತು ಡಬ್ಲ್ಯುಪಿಎಫ್ ವಿಂಡೋಸ್‌ಗೆ ಸೀಮಿತ. 2022ರಲ್ಲಿ ಬಿಡುಗಡೆಯಾದ ಮಾವಿ ಚೌಕಟ್ಟಿನಲ್ಲೂ ಲಿನಕ್ಸ್ ಸೇರಿರಲಿಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಹೊಂದದ ಹಳೆಯ ಗಣಕಗಳನ್ನು ಲಿನಕ್ಸ್‌ಗೆ ಬದಲಿಸಿ ಉಳಿಸಿಕೊಳ್ಳಬಯಸುವವರಿಗೆ ಈ ವ್ಯತ್ಯಾಸ ನೇರವಾಗಿ ಹಣದ ಪ್ರಶ್ನೆ.

ಗುಪ್ತಪದಗಳನ್ನು ಕಾಯ್ದಿಡುವ ಎರಡು ಉಚಿತ ತಂತ್ರಾಂಶಗಳು ಇದಕ್ಕೆ ಉತ್ತಮ ನಿದರ್ಶನ. ಕೀಪಾಸ್ 2 ಡಾಟ್‌ನೆಟ್‌ನಲ್ಲಿ ರಚಿತವಾದದ್ದು. ಲಿನಕ್ಸ್‌ನಲ್ಲಿ ಅದನ್ನು ಓಡಿಸಲು ಮೊನೊ ಎಂಬ ಇನ್ನೊಂದು ರನ್‌ಟೈಮ್ ಬೇಕು. ಕೀಪಾಸ್‌ಎಕ್ಸ್‌ಸಿ ಕ್ಯೂಟಿಯಲ್ಲಿ ರಚಿತವಾಗಿದ್ದು, ಮೂರೂ ವ್ಯವಸ್ಥೆಗಳಲ್ಲಿ ನೇರವಾಗಿ ಓಡುತ್ತದೆ. ಆದರೂ ಎರಡೂ ಓದುವುದು ಒಂದೇ ಬಗೆಯ ಕಡತವನ್ನು. ದತ್ತಾಂಶದ ಸ್ವರೂಪ ಬಹಿರಂಗವಾಗಿದ್ದರೆ ಚೌಕಟ್ಟನ್ನು ಬದಲಿಸಿದರೂ ಗ್ರಾಹಕನ ಮಾಹಿತಿ ಕೈತಪ್ಪುವುದಿಲ್ಲವೆಂಬುದು ಇದರಿಂದ ಸ್ಪಷ್ಟ.

ಪರವಾನಗಿ ಮತ್ತು ಆಯುಸ್ಸು

ಕ್ಯೂಟಿಯ ಮೂಲ ಸಂಸ್ಥೆ ಟ್ರೋಲ್‌ಟೆಕ್ 2008ರಲ್ಲಿ ನೋಕಿಯಾದ ವಶವಾಯಿತು. 2009ರಿಂದ ಅದು ಎಲ್‌ಜಿಪಿಎಲ್ ಪರವಾನಗಿಯಲ್ಲೂ ದೊರೆಯುತ್ತದೆ. ಷರತ್ತುಗಳನ್ನು ಪಾಲಿಸಿದರೆ ಶುಲ್ಕವಿಲ್ಲ. ಪಾಲಿಸಲಾಗದಿದ್ದರೆ ವಾಣಿಜ್ಯ ಪರವಾನಗಿ ಕೊಳ್ಳಬೇಕು. ಜಾವಾ 8ರ ವಾಣಿಜ್ಯ ಬಳಕೆದಾರರಿಗೆ ಒರಾಕಲ್‌ನ ಉಚಿತ ಪರಿಷ್ಕರಣೆಗಳು 2019ರಲ್ಲಿ ನಿಂತವು. ಓಪನ್‌ಜೆಡಿಕೆ ಉಚಿತವಾಗಿಯೇ ಇದೆ. 2007ರಲ್ಲಿ ಬಂದ ಸಿಲ್ವರ್‌ಲೈಟ್‌ಗೆ 2021ರಲ್ಲಿ ಬೆಂಬಲವೇ ಕೊನೆಗೊಂಡಿತು. ಡಾಟ್‌ನೆಟ್‌ನ ದೀರ್ಘಾವಧಿ ಆವೃತ್ತಿಗಳಿಗೂ ಬೆಂಬಲ 3 ವರ್ಷ ಮಾತ್ರ.

ಆಯ್ಕೆಯ ಬಗೆ

ಎಲ್ಲ ಗಣಕಗಳೂ ವಿಂಡೋಸ್‌ನವಾಗಿದ್ದು, ಕೆಲಸ ಬಿಲ್ಲು ಮತ್ತು ವರದಿಗಳದಾಗಿದ್ದರೆ ಮ್ಯಾನೇಜ್ಡ್ ಚೌಕಟ್ಟೇ ಮಿತವ್ಯಯದ ದಾರಿ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದಾಗ, 2025ರ ಸೆಪ್ಟೆಂಬರ್ 22ರಂದು ಅದರ ದರಗಳು ಪರಿಷ್ಕೃತವಾದಾಗ ಬೇಕಾದದ್ದು ಶೀಘ್ರ ಬದಲಾವಣೆ. ಬೇರೆ ಬೇರೆ ವ್ಯವಸ್ಥೆಗಳ ಗಣಕಗಳು, ಕಡಿಮೆ ಮೆಮೊರಿಯ ಹಳೆಯ ಯಂತ್ರಗಳು ಅಥವಾ ಕಾರ್ಖಾನೆಯ ಯಂತ್ರ ನಿಯಂತ್ರಣ ಇದ್ದಲ್ಲಿ ನೇಟಿವ್ ಮಾರ್ಗದ ಹೆಚ್ಚಿನ ಶ್ರಮ ಸಾರ್ಥಕ.

ಯಾವ ಮಾರ್ಗವಾದರೂ ಮುಂಗಡ ಕೊಡುವ ಮುನ್ನ ನಾಲ್ಕು ಅಂಶಗಳನ್ನು ಕರಾರಿನಲ್ಲಿ ಬರೆಸಿಕೊಳ್ಳುವುದು ಕ್ಷೇಮ: ಮೂಲ ಸಂಕೇತದ ಹಸ್ತಾಂತರ, ದತ್ತಾಂಶವನ್ನು ಬಹಿರಂಗ ಸ್ವರೂಪದಲ್ಲಿ ಹೊರತೆಗೆಯುವ ಸೌಲಭ್ಯ, ಬಳಸಿದ ಆವೃತ್ತಿಗೆ ಬೆಂಬಲ ಮುಗಿಯುವ ದಿನಾಂಕ, ಪರವಾನಗಿಯ ಹೊಣೆ ಯಾರದೆಂಬ ವಿವರ. ಕನ್ನಡದಲ್ಲಿ ಬಿಲ್ಲು ಕೊಡುವವರು ಒತ್ತಕ್ಷರಗಳಿರುವ ಹೆಸರುಗಳನ್ನು ಪರದೆಯ ಮೇಲೂ ಕಾಗದದ ಮೇಲೂ ಮೂಡಿಸಿ ತೋರಿಸುವಂತೆ ಕೇಳುವುದೂ ಅವಶ್ಯ. ಈ ಪರೀಕ್ಷೆಗೆ ಐದು ನಿಮಿಷ ಸಾಕು. ಹಣ ಪಾವತಿಯಾದ ಮೇಲೆ ದೋಷ ತಿದ್ದಿಸಲು ತಿಂಗಳುಗಳೇ ಹಿಡಿಯಬಹುದು.